ಕೊರೆಲ್ಲಿಯ ಕ್ರಿಸ್‌ಮಸ್ ಕಾನ್ಸರ್ಟೊ: ನಾವು ತಾಲೀಮು ಮಾಡಿದ ಬಗೆ

ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ ನಾವು ಕೆಲವರು ಸೇರಿ ಬರೋಕ್ ಸಂಗೀತ, ಅಂದರೆ ಯುರೋಪಿನ 17-18ನೇ ಶತಮಾನದ ಸಂಗೀತ, ನುಡಿಸುತ್ತೇವೆ. ಮುಂದೆ ನಿಂತು ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಇಲ್ಲ. ನಾನು ಎರಡನೇ ಪಿಟೀಲು. ಕ್ರಿಸ್‌ಮಸ್ ಕಾನ್ಸರ್ಟೊ ಅನ್ನುವುದು ಇಟಲಿಯ ಸಂಗೀತ ರಚನಕಾರ ಕೊರೆಲ್ಲಿಯ ಆರನೇ ಓಪಸ್‌ನ (ಅಚ್ಚಾದ ಕೃತಿಗುಚ್ಛದ) ಎಂಟನೇ ಕಾನ್ಸರ್ಟೊ, ವಾದ್ಯಮೇಳಕ್ಕೆ ಬರೆದ ಕೃತಿ. ಅದಕ್ಕೆ ತಯಾರಾಗುವಾಗ ತಾಲೀಮನ್ನು ಬೇಸ್‌ನಿಂದಲೇ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರಸಾಲಿನಿಂದಲೇ, ಶುರು ಮಾಡಿದೆವು. ನಮ್ಮೆಲ್ಲರನ್ನೂ ನಡೆಸುವುದು ಅದೇ ಅಲ್ವಾ?

ಮೊದಲು ಚೆಲ್ಲೊ (ಪಿಟೀಲಿನ ಬಗೆಯದೇ, ದೊಡ್ಡದು, ತಗ್ಗು ದನಿಯದು), ಹಾರ್ಪ್ಸಿಕಾರ್ಡ್ (ಪಿಯಾನೊದಂಥ ಹಳೆಯ ವಾದ್ಯ, ತಂತಿ ಮೀಟಿ ನುಡಿಯುತ್ತದೆ) ಮಾತ್ರ. ಹಾರ್ಪ್ಸಿಕಾರ್ಡ್‌ನವರ ಹಾಳೆಯಲ್ಲಿ ಎಡಗೈಯ ಸ್ವರಗಳಷ್ಟೇ ಇರುತ್ತವೆ, ಜೊತೆಗೆ ಬೇಸ್‌ನಿಂದ ಎಷ್ಟನೇ ಸ್ವರ ಸೇರಿಸಬೇಕೆಂದು ಹೇಳುವ 6, 7, 4-3 ಅಂತ ಅಂಕಿಗಳು. ಅವನ್ನು ನೋಡಿ ಬಲಗೈ ಏನು ನುಡಿಸಬೇಕೆಂದು ಅವರೇ ಆಗಿಂದಾಗ ಕಟ್ಟಿಕೊಳ್ಳಬೇಕು. ಪಿಟೀಲಿನವರೆಲ್ಲ ಸುಮ್ನೆ ಕೂತು ಕೇಳಿದೆವು. 7 ಬಂದಲ್ಲಿ ಮೇಲಿನ ಸ್ವರ ಬೇಸ್‌ಗೆ ತಾಗಿ ಕುಟುಕುತ್ತದೆ. ಮುಂದಿನ ಸ್ವರಕ್ಕೆ ಇಳಿದಾಗ ಹಗುರಾಗುತ್ತದೆ. ಕುಟುಕುವಲ್ಲಿ ಒತ್ತು, ಇಳಿಯುವಲ್ಲಿ ಮೆದು. ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅನ್ನುವುದು ಜಾಸ್ತಿ ಗೊತ್ತಾಗುವುದು ಇದರಿಂದಲೇ. ಕಮಾನು ಕೂಡ ನೆರವಾಗುತ್ತದೆ. ಹೊರಕ್ಕೆ ಬಾಗಿದ ಹಳೆಯ ಬಗೆಯ ಕಮಾನಿಗೆ ತುದಿಯಲ್ಲಿ ಭಾರ ಕಡಿಮೆ, ಹಾಗಾಗಿ ಸ್ವರ ತಾನಾಗಿಯೇ ಉಬ್ಬಿ ಇಳಿಯುತ್ತದೆ.

ಕರ್ನಾಟಕ ಸಂಗೀತ ಕಲಿತ ಕೈ ನನ್ನದು. ಉದ್ದನೆಯ ಸ್ವರ ಕಂಡರೆ ಏನಾದರೂ ಸೇರಿಸುವ ಆಸೆ. ಕೊರೆಲ್ಲಿಯ ನಿಧಾನದ ಭಾಗಗಳಲ್ಲಿ ಅದಕ್ಕೆ ಜಾಗವೂ ಇದೆ. ಅವನ ಐದನೇ ಓಪಸ್‌ನ ಸೊನಾಟಾಗಳನ್ನು (ಪಿಟೀಲಿನ ಕೃತಿಗಳನ್ನು) ಆಮ್‌ಸ್ಟರ್‌ಡ್ಯಾಮ್‌ನ ಪ್ರಕಾಶಕ ಎತಿಯೆನ್ ರೋಜೆ 1710ರಲ್ಲಿ ಅಲಂಕಾರಗಳ ಸಮೇತ ಅಚ್ಚು ಹಾಕಿದ್ದ. ಅವನ್ನು ಪಾಠದ ಹಾಗೆ ನುಡಿಸಿ ಕಲಿತಿದ್ದೇನೆ. ಆದರೆ ಈ ಕಾನ್ಸರ್ಟೊದ ಮೊದಲ ಗ್ರಾವೆಗೆ, ಅಂದರೆ ಗಂಭೀರವಾದ ನಿಧಾನದ ಭಾಗಕ್ಕೆ, ಬರೆದಿರುವ ಹಾಗೇ ನುಡಿಸಿ ಅಂತ ಸೂಚನೆ ಇದೆ. ಉದ್ದ ಕಮಾನು, ಒಂದು ಅಲಂಕಾರವೂ ಬೇಡ. ಎರಡು ಪಿಟೀಲುಗಳು ಒಂದನ್ನೊಂದು ಒತ್ತಿ, ಬಿಟ್ಟು, ಮತ್ತೆ ಒತ್ತಿ ಸಾಗುತ್ತವೆ. ಇಡೀ ಕೃತಿಯಲ್ಲಿ ನನಗೆ ಇದೇ ಪ್ರಾಣ.

ಶ್ರುತಿಯ ವಿಷಯ. ಎಲ್ಲರೂ ಶ್ರುತಿ ಕೂಡಿಸಿಕೊಳ್ಳುವ ಎ ಸ್ವರ ನಮ್ಮಲ್ಲಿ 415 ಹರ್ಟ್ಸ್, ಈಗಿನ 440ಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ತಂತಿಗಳು ಕರುಳಿನವು. ಚರ್ಚಿನಲ್ಲಿ ಜನ ತುಂಬಿದರೆ ಗಾಳಿಯ ತೇವಕ್ಕೆ ಜಾರುತ್ತವೆ. ಅದಕ್ಕೇ ಭಾಗಗಳ ನಡುವೆ ನಿಧಾನವಾಗಿ, ಸಂಕೋಚವಿಲ್ಲದೆ ಶ್ರುತಿ ಮಾಡಿಕೊಳ್ಳುತ್ತೇವೆ.

ಕೊನೆಯ ಭಾಗವಾದ ಪಾಸ್ತೊರಾಲೆಯನ್ನು (ಕುರಿಗಾಹಿಗಳ ಧಾಟಿಯದು) ಬೇಕಿದ್ದರೆ ಮಾತ್ರ ನುಡಿಸಬಹುದು. ನಾವು ಬಿಡುವುದಿಲ್ಲ. ಇಟಲಿಯ ಕುರಿಗಾಹಿಗಳ ಬ್ಯಾಗ್‌ಪೈಪನ್ನು ನೆನಪಿಸುವಂತೆ ಅಲ್ಲಿ ಬೇಸ್ ಒಂದೇ ಸ್ವರ ಹಿಡಿದು ನಿಲ್ಲುತ್ತದೆ. ಹಾರ್ಪ್ಸಿಕಾರ್ಡ್‌ನ ನಾದ ಬೇಗ ಆರಿಹೋಗುವುದರಿಂದ ಆ ಭಾಗಕ್ಕೆ ಪುಟ್ಟ ಆರ್ಗನ್ ಇಟ್ಟುಕೊಂಡೆವು.