ಸಕ್ಕರೆಗಿಂತ ಮೊದಲು ತೂಕ

ಚಿಕ್ಕಮಗಳೂರಿನಲ್ಲಿ ಫಿಜಿಷಿಯನ್ ಆಗಿರುವ ನನಗೆ, ಮಧುಮೇಹದ ಜೊತೆಗೆ ಹೃದಯ ವೈಫಲ್ಯವೂ (ಹೃದಯ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಸ್ಥಿತಿ) ಇರುವವರನ್ನು ಹೇಗೆ ನೋಡಬೇಕೆಂದು ಕಲಿಸಿದ್ದು ನನ್ನದೇ ಒಂದು ತಪ್ಪು. ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ, ಅರವತ್ತು ದಾಟಿದ ಒಬ್ಬರಿಗೆ ಸಕ್ಕರೆ ಹತೋಟಿಗೆ ಬರುತ್ತಿಲ್ಲವೆಂದು ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಜೊತೆಗೆ ಪಿಯೋಗ್ಲಿಟಜೋನ್ ಸೇರಿಸಿದ್ದೆ. ಎರಡು ತಿಂಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 210ರಿಂದ 128ಕ್ಕೆ ಇಳಿಯಿತು. ರಿಪೋರ್ಟ್ ನೋಡಿ ನಾನು ಖುಷಿಪಡುತ್ತಿರುವಾಗ ಅವರ ಹೆಂಡತಿ, "ಸಕ್ಕರೆ ಸರಿ ಸಾರ್, ಇವರ ಕಾಲು ನೋಡಿ" ಎಂದರು. ಚಪ್ಪಲಿ ಬಿಡಿಸಿದರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಮೂಡಿತ್ತು. ಹೆಬ್ಬೆರಳಿನಿಂದ ಒತ್ತಿದಲ್ಲಿ ಬಿದ್ದ ಗುಳಿ ಬಹಳ ಹೊತ್ತು ಹಾಗೆಯೇ ಉಳಿಯಿತು. ರಾತ್ರಿ ಮಲಗಿದರೆ ಉಸಿರು ಕಟ್ಟುವುದರಿಂದ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. ಪಿಯೋಗ್ಲಿಟಜೋನ್ ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತದೆಂದು ನನಗೆ ಗೊತ್ತಿತ್ತು. ಆದರೂ ಅದನ್ನು ಬರೆಯುವ ಮೊದಲು ಹೃದಯದ ಸ್ಕ್ಯಾನ್ ಆದ ಒಂದು ಎಕೋ ಮಾಡಿಸಿರಲಿಲ್ಲ.

ಆ ಮಾತ್ರೆ ನಿಲ್ಲಿಸಿ, ನೀರಿಳಿಸುವ ಮಾತ್ರೆ ಕೊಟ್ಟು, ಹೃದಯಕ್ಕೆ ಬೇಕಾದ ಔಷಧಿಗಳ ಜೊತೆ ಡಾಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಆರಂಭಿಸಿದೆ. ಇದು ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುತ್ತದೆ. ಮಧುಮೇಹವಿಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಇದರಿಂದ ಲಾಭವಿದೆಯೆಂದು 2019ರ ಡಾಪಾ-ಎಚ್‌ಎಫ್ ಅಧ್ಯಯನ ತೋರಿಸಿತ್ತು. ಸಕ್ಕರೆ ತೀರಾ ಇಳಿಯದಿರಲೆಂದು ಗ್ಲಿಮೆಪಿರೈಡನ್ನು ಅರ್ಧಕ್ಕಿಳಿಸಿದೆ. ವಾಂತಿ, ಭೇದಿ ಅಥವಾ ಉಪವಾಸವಿದ್ದ ದಿನ ಡಾಪಾಗ್ಲಿಫ್ಲೋಜಿನ್ ಬೇಡವೆಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದೆ, ಏಕೆಂದರೆ ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಅಪಾಯವಾಗಬಹುದು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಬರಬಹುದಾದ ಗುಪ್ತಾಂಗದ ತುರಿಕೆಯ ವಿಷಯವನ್ನು ಸಂಕೋಚಪಟ್ಟು ಯಾರೂ ಹೇಳುವುದಿಲ್ಲ. ಹಾಗಾಗಿ ಈಗ ನಾನೇ ಕೇಳುತ್ತೇನೆ.

ಎಚ್‌ಬಿಎ1ಸಿಯನ್ನು (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಆರರ ಹತ್ತಿರ ತರಬೇಕೆಂಬ ಹಟವನ್ನೂ ಬಿಟ್ಟೆ. ಹಾಗೆ ಬಿಗಿಹಿಡಿದವರಲ್ಲಿ ಸಾವು ಹೆಚ್ಚಿದ್ದರಿಂದಲೇ 2008ರಲ್ಲಿ ಅಕಾರ್ಡ್ ಅಧ್ಯಯನದ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಲಾಗಿತ್ತು. ಇಂಥ ವಯಸ್ಸಾದ ರೋಗಿಗಳಲ್ಲಿ 7ರಿಂದ 8ರ ನಡುವೆ ಇದ್ದರೆ ನನಗೆ ಸಮಾಧಾನ.

ದೇಹದಲ್ಲಿ ನೀರು ನಿಂತರೆ ತೂಕದಲ್ಲಿ ಗೊತ್ತಾಗುತ್ತದೆ, ಹಾಗಾಗಿ ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಬೇಕು ಎಂದಾಗ ಆ ರೈಟರ್ ನಕ್ಕರು: ಆಳುಗಳು ಕೊಯ್ದ ಕಾಫಿ ಹಣ್ಣು ತೂಗಿ ಬರೆದುಕೊಳ್ಳುವುದೇ ಅವರ ಕೆಲಸವಾಗಿತ್ತು. ಮುಂದಿನ ಸಲ ತಂದ ಪುಸ್ತಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಒಂದೂವರೆ ಕೆಜಿ ಏರಿದ ಕಡೆ, ಪಕ್ಕದಲ್ಲೇ, "ನೆಂಟರ ಮನೆ, ಮಿಡಿ ಉಪ್ಪಿನಕಾಯಿ" ಎಂದು ಬರೆದಿದ್ದರು.