ಪ್ರಚಾರದ ಬೊಲೆರೋಗೆ ನಾನೇ ಕರೆಂಟ್ ಎಳೆದದ್ದು

ಕುಮಟಾದಲ್ಲಿ ಯಕ್ಷಗಾನದ ಆಟದ ಪ್ರಚಾರ ಮುಗಿಸಿಕೊಂಡು ಶಿರಸಿಗೆ ಮರಳುತ್ತಿದ್ದೆವು. ದೇವಿಮನೆ ಘಟ್ಟ ಹತ್ತುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕ್ಲಚ್ ಬಿಸಿಯಾಗಿರಬೇಕು ಅಂದುಕೊಂಡೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ, "ಮಾವ, ನನ್ ಕಾಲ ಹತ್ರ ಹೊಗೆ ಬರ್ತಾ ಇದೆ" ಅಂದ. ಗಾಡಿ ಬದಿಗೆ ಹಾಕಿ ಕೀಲಿ ತಿರುಗಿಸಿದೆ, ಇಂಜಿನ್ ನಿಂತಿತು. ಹೊಗೆ ನಿಲ್ಲಲಿಲ್ಲ.

ಆಂಪ್ಲಿಫೈಯರ್‌ಗೆ ಹೋಗುವ ವೈರು ಬ್ಯಾಟರಿಯಿಂದ ನೇರವಾಗಿ ಬಂದದ್ದು. ಕೀಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಬಾನೆಟ್ ಎತ್ತಿದಾಗ ಕೆಂಪು ವೈರಿನ ಮೇಲಿನ ಪ್ಲಾಸ್ಟಿಕ್ ಮೇಣದ ಹಾಗೆ ಕರಗಿ ತೊಟ್ಟಿಕ್ಕುತ್ತಿತ್ತು. ಸ್ಪ್ಯಾನರ್ ಹುಡುಕುವಷ್ಟು ಹೊತ್ತಿರಲಿಲ್ಲ. ಹೆಗಲ ಮೇಲಿದ್ದ ಟವೆಲನ್ನು ಕೈಗೆ ಸುತ್ತಿಕೊಂಡು ವೈರನ್ನು ಎಳೆದೆ. ಅದನ್ನು ಕೂರಿಸಿದವರು ತುದಿಗೆ ಲಗ್ (ಬೋಲ್ಟಿಗೆ ಕೂರುವ ತೂತಿನ ಲೋಹದ ತುಂಡು) ಹಾಕದೆ, ಬರೀ ಎಳೆಗಳನ್ನು ಟರ್ಮಿನಲ್ ಬೋಲ್ಟಿಗೆ ಸುತ್ತಿ ಬಿಗಿದಿದ್ದರು. ಆ ಅರೆಬರೆ ಕೆಲಸದಿಂದಲೇ ವೈರು ಕಿತ್ತು ಬಂತು, ಗಾಡಿ ಉಳಿಯಿತು.

ನಾನು ಧ್ವನಿವರ್ಧಕದ ಕೆಲಸ ಮಾಡುವವನು. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಹಿಡಿಯುವವರೆಗೆ ನಮ್ಮ ಗಾಡಿಗೆ ಬಿಡುವಿಲ್ಲ. ಮೇಲೆ ಎರಡು ಹಾರ್ನ್ ಸ್ಪೀಕರ್, ಹಿಂದಿನ ಸೀಟಿನ ಬೆನ್ನಿಗೆ 12 ವೋಲ್ಟಿನಲ್ಲಿ ಓಡುವ 250 ವ್ಯಾಟಿನ ಆಂಪ್ಲಿಫೈಯರ್. ಸಭಾಂಗಣದಲ್ಲಿ ಮೈಕ್ ಕಟ್ಟುವ ಕೆಲಸವೆಲ್ಲ ನನಗೆ ಕರತಲಾಮಲಕ. ಗಾಡಿಯ ವೈರಿಂಗ್ ಮಾತ್ರ ಬೇರೆಯವರಿಗೆ ಬಿಟ್ಟಿದ್ದೆ. ಘಟ್ಟದ ಮೇಲೆ ಕಂಡದ್ದನ್ನು ಕಂಡ ಮೇಲೆ ಬಿಡಲು ಮನಸ್ಸಾಗಲಿಲ್ಲ. ಮಾರನೇ ದಿನ ಅಡಿಕೆ ಚಪ್ಪರದ ಕೆಳಗೆ ಗಾಡಿ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದೆ.

ಸುಟ್ಟ ವೈರನ್ನು ಹಿಡಿದುಕೊಂಡೇ ಹೋದರೆ ತಪ್ಪು ಎಲ್ಲಿ ಅಂತ ಗೊತ್ತಾಗುತ್ತದೆ. ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಇರುವ ತಗಡು, ಫೈರ್‌ವಾಲ್ ಅನ್ನುತ್ತೇವಲ್ಲ, ಅಲ್ಲಿ ಡ್ರಿಲ್ಲಿನಿಂದ ಒಂದು ತೂತು ಹೊಡೆದು ವೈರು ತೂರಿಸಿದ್ದರು. ತೂತಿಗೆ ರಬ್ಬರ್ ಇಲ್ಲ. ಅಂಚಿಗೆ ಬೆರಳಿಟ್ಟು ನೋಡಿದೆ, ಬ್ಲೇಡಿನ ಹಾಗೆ ಚುರುಕಾಗಿತ್ತು. ಡೀಸೆಲ್ ಇಂಜಿನ್ನಿನ ನಡುಕಕ್ಕೆ ವೈರು ಆ ಅಂಚಿನ ಮೇಲೆ ಎರಡು ವರ್ಷ ಗರಗಸ ಎಳೆದಂತೆ ಎಳೆದಾಡಿದೆ. ಇನ್ಸುಲೇಶನ್ ಸವೆದು ತಾಮ್ರ ತಗಡಿಗೆ ತಾಗಿದೆ. ಗಾಡಿಯ ಬಾಡಿ ಅಂದರೆ ಬ್ಯಾಟರಿಯ ನೆಗೆಟಿವ್. ತಾಗಿದ ಕ್ಷಣ ನೇರ ಶಾರ್ಟ್.

ಫ್ಯೂಸ್ ಇರಲಿಲ್ಲ ಅಂತಲ್ಲ. ಇತ್ತು, 30 ಆಂಪಿಯರಿನದು, ಆಂಪ್ಲಿಫೈಯರ್ ಪಕ್ಕದಲ್ಲಿ. ತೆಗೆದು ನೋಡಿದರೆ ಅದಕ್ಕೆ ಏನೂ ಆಗಿರಲಿಲ್ಲ. ಆಗುವುದಾದರೂ ಹೇಗೆ? ಕರೆಂಟು ಬ್ಯಾಟರಿಯಿಂದ ಹೊರಟು ತೂತಿನ ಹತ್ತಿರವೇ ಬಾಡಿಗೆ ಇಳಿದು ವಾಪಸ್ ಹೋಗುತ್ತಿತ್ತು, ಫ್ಯೂಸಿನವರೆಗೆ ಬರಲೇ ಇಲ್ಲ. ತೋಟಕ್ಕೆ ನೀರು ಬಿಡುವಾಗ ಪಂಪಿನ ಬುಡದಲ್ಲೇ ಪೈಪು ಒಡೆದಿದ್ದರೆ ತೋಟದ ತುದಿಯ ವಾಲ್ವ್ ಮುಚ್ಚಿ ಏನು ಸಿಕ್ಕೀತು? ಹಾಗೆ. ಆಂಪ್ಲಿಫೈಯರಿಗೆ ಅದರದ್ದೇ ಫ್ಯೂಸ್ ಒಳಗೆ ಇರುತ್ತದೆ. ನಾವು ಹಾಕುವ ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವೆ ಎಷ್ಟು ವೈರು ಇದೆಯೋ ಅಷ್ಟಕ್ಕೂ ಕಾವಲಿಲ್ಲ. ಆದ್ದರಿಂದ ಪ್ಲಸ್ ಟರ್ಮಿನಲ್ಲಿನಿಂದ 45 ಸೆಂಟಿಮೀಟರ್ ಒಳಗೆ ಅದನ್ನು ಕೂರಿಸಬೇಕು, ಹತ್ತಿರವಾದಷ್ಟೂ ಒಳ್ಳೆಯದು. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಶಾರ್ಟ್ ಆದಾಗ ನೂರಾರು ಆಂಪಿಯರ್ ಕಾರುತ್ತದೆ. 4 ಸ್ಕ್ವೇರ್ ಎಂಎಂ (ತಾಮ್ರದ ಅಡ್ಡಕೊಯ್ತದ ಅಳತೆ) ವೈರಿನಲ್ಲಿ 300 ಆಂಪಿಯರ್ ಹರಿದರೆ ತಾಮ್ರದ ಬಿಸಿ ಸೆಕೆಂಡಿಗೆ 25 ಡಿಗ್ರಿಗಿಂತ ಹೆಚ್ಚು ಏರುತ್ತದೆ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಕರಗಲು ಎಷ್ಟು ಹೊತ್ತು ಬೇಕು ಅಂತ ನೀವೇ ಲೆಕ್ಕ ಹಾಕಿ.

ಆ ಹಳೆಯ ವೈರು ಮನೆ ವೈರಿಂಗಿಗೆ ಬಳಸುವ 4 ಸ್ಕ್ವೇರ್ ಎಂಎಂ. ನಮ್ಮ ಆಂಪ್ಲಿಫೈಯರ್ ಪೂರ್ತಿ ಕೂಗುವಾಗ 30 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬ್ಯಾಟರಿಯಿಂದ ಹಿಂದಿನ ಸೀಟಿನವರೆಗೆ 5 ಮೀಟರ್. ಅಷ್ಟು ದೂರದಲ್ಲಿ ಆ ವೈರು 0.65 ವೋಲ್ಟ್ ನುಂಗುತ್ತದೆ. "ಕಲಾಭಿಮಾನಿಗಳೇ" ಅಂತ ದನಿ ಏರಿಸಿದಾಗಲೆಲ್ಲ ಕೊನೆಯ ಅಕ್ಷರ ಒಡೆದು ಕೇಳುತ್ತಿದ್ದುದಕ್ಕೆ ಮೈಕ್ ಕಾರಣವೆಂದು ಎರಡು ಮೈಕ್ ಬದಲಿಸಿದ್ದೆ. ಈ ಸಲ 16 ಸ್ಕ್ವೇರ್ ಎಂಎಂ ತೆಗೆದುಕೊಂಡೆ. ಅದೇ ದೂರಕ್ಕೆ, ಅದೇ ಕರೆಂಟಿಗೆ 0.16 ವೋಲ್ಟ್ ಮಾತ್ರ ಹೋಗುತ್ತದೆ. ಅಂಗಡಿಯಲ್ಲಿ ಕಾರ್ ಆಡಿಯೋ ವೈರು ಅಂತ ತೋರಿಸಿದ್ದರ ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿದೆ, ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಲ್ಯೂಮಿನಿಯಂ ತಾಮ್ರದ ಶೇಕಡಾ 60ರಷ್ಟೇ ಕರೆಂಟ್ ಒಯ್ಯುತ್ತದೆ, ದಪ್ಪ ನೋಡಿ ಮೋಸಹೋಗುತ್ತೇವೆ. ಒಳಗಿನವರೆಗೂ ಕೆಂಪಗಿದ್ದ ವೈರನ್ನೇ ಆರು ಮೀಟರ್ ತಂದೆ. ಫ್ಯೂಸ್ 50 ಆಂಪಿಯರ್, ಬೋಲ್ಟಿನಲ್ಲಿ ಬಿಗಿಯುವ ಬಗೆಯದು. ಆಂಪ್ಲಿಫೈಯರ್ ಎಳೆಯುವುದಕ್ಕಿಂತ ಹೆಚ್ಚು, ವೈರು ತಾಳುವುದಕ್ಕಿಂತ ಕಡಿಮೆ.

ಕೆಲಸಕ್ಕೆ ಕೈ ಹಾಕುವ ಮೊದಲು 10 ನಂಬರ್ ಸ್ಪ್ಯಾನರ್ ಕೈಗೆ ಕೊಟ್ಟು ಅಕ್ಕನ ಮಗನಿಗೆ ಬ್ಯಾಟರಿ ಬಿಚ್ಚಲು ಹೇಳಿದೆ. ಅವನು ಪ್ಲಸ್ ಕಡೆ ಕೈ ಹಾಕಿದ. "ತಡಿ ತಮ್ಮಾ, ಮೈನಸ್ ಮೊದಲು" ಅಂದೆ. ಪ್ಲಸ್ ಸಡಿಲಿಸುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಅದೂ ಘಟ್ಟದ ಮೇಲಿನ ಶಾರ್ಟೇ. ಮೈನಸ್ ತೆಗೆದಿಟ್ಟಿದ್ದರೆ ತಾಗಿದರೂ ಏನಾಗುವುದಿಲ್ಲ. ಕೂಡಿಸುವಾಗ ತಿರುಗಾ ಮುರುಗಾ, ಮೈನಸ್ ಕಟ್ಟಕಡೆಗೆ.

ಕಂಪನಿಯ ವೈರುಗಳು ಫೈರ್‌ವಾಲ್ ದಾಟುವ ಜಾಗದಲ್ಲಿ ಒಂದು ದೊಡ್ಡ ರಬ್ಬರ್ ಗ್ರಾಮೆಟ್, ಅಂದರೆ ತೂತಿನ ಅಂಚು ವೈರಿಗೆ ತಾಗದಂತೆ ಕೂರಿಸುವ ರಬ್ಬರ್ ಬಳೆ, ಇದ್ದೇ ಇರುತ್ತದೆ. ಅದರಲ್ಲಿ ಜಾಗವಿದ್ದರೆ ತಗಡಿಗೆ ತೂತು ಹೊಡೆಯಲೇ ಬಾರದು. ದಬ್ಬಳದಿಂದ ರಬ್ಬರಿಗೆ ಚುಚ್ಚಿ, ಸೋಪಿನ ನೀರು ಸವರಿ, ಬೈಕಿನ ಕ್ಲಚ್ ಕೇಬಲ್ಲಿನ ಒಳತಂತಿಯನ್ನು ಮೊದಲು ತೂರಿಸಿ, ಅದರ ತುದಿಗೆ ವೈರು ಕಟ್ಟಿ ಎಳೆದರೆ ಬರುತ್ತದೆ. ಗ್ರೀಸ್, ಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ದಬ್ಬಳವನ್ನು ಕಂಪನಿ ವೈರಿನ ಕಟ್ಟಿನಿಂದ ದೂರ ಹಿಡಿಯಬೇಕು, ಒಂದು ವೈರಿಗೆ ಚುಚ್ಚಿದರೂ ಆ ತೊಂದರೆ ಹುಡುಕುವುದು ದೇವರಿಗೇ ಪ್ರೀತಿ.

ನಮ್ಮ ಗಾಡಿಯ ಗ್ರಾಮೆಟ್ ತುಂಬಿ ಹೋಗಿತ್ತು. ತೂತು ಹೇಗೂ ಆಗಿದೆ, ಅದನ್ನೇ ಸರಿಮಾಡುವುದು ಅಂತ ತೀರ್ಮಾನಿಸಿದೆ. ಮೊದಲು ಒಳಗೆ ಮ್ಯಾಟ್ ಎತ್ತಿ, ಹಿಂದಿನ ಹೊದಿಕೆ ಸರಿಸಿ, ಟಾರ್ಚ್ ಬಿಟ್ಟು ನೋಡಿದೆ. ಪೆಡಲು, ಸ್ಟೀರಿಂಗ್ ರಾಡು, ಎಸಿ ಪೈಪು ಯಾವುದೂ ಹತ್ತಿರ ಇರಲಿಲ್ಲ. ಹೊರಗಡೆ ಸೈಲೆನ್ಸರ್ ಪೈಪು ದೂರ. ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಬಿಟ್ಟಿಗೆ ಗ್ರೀಸ್ ಸವರಿ ತೂತು ಅಗಲ ಮಾಡಿದೆ. ಗ್ರೀಸಿಗೆ ಕಬ್ಬಿಣದ ಚೂರುಗಳು ಅಂಟಿಕೊಳ್ಳುತ್ತವೆ, ಅಲ್ಲಲ್ಲಿ ಬಿದ್ದು ತುಕ್ಕು ಹಿಡಿಯುವುದಿಲ್ಲ. ಆ ಗ್ರೀಸನ್ನೂ ಪೆಟ್ರೋಲ್ ಬಟ್ಟೆಯಲ್ಲಿ ಪೂರ್ತಿ ಒರೆಸಿದೆ. ದುಂಡು ಅರದಿಂದ ಅಂಚು ತಿಕ್ಕಿ, ಬೆರಳು ಸುತ್ತಿಸಿದರೆ ಚರ್ಮಕ್ಕೆ ಏನೂ ಸಿಗದ ಹಾಗೆ ಮಾಡಿದ ಮೇಲೆ ರೆಡ್ ಆಕ್ಸೈಡ್ ಎರಡು ಕೈ ಬಳಿದೆ. ಶಿರಸಿಯ ಮಳೆಯಲ್ಲಿ ಬರೀ ತಗಡಿನ ಅಂಚು ಒಂದು ಮಳೆಗಾಲ ತಡೆಯುವುದಿಲ್ಲ. ಬಣ್ಣ ಒಣಗಲು ಒಂದು ರಾತ್ರಿ ಬಿಟ್ಟೆ.

ಬೆಳಿಗ್ಗೆ ಗ್ರಾಮೆಟ್ ಕೂರಿಸಿದೆ. ಅದರ ಒಳತೂತು ವೈರಿಗಿಂತ ಒಂದು ಕೂದಲು ಚಿಕ್ಕದಿರಬೇಕು. ವೈರು ಅದರೊಳಗೆ ಸಲೀಸಾಗಿ ಹಿಂದೆ ಮುಂದೆ ಹೋಗುತ್ತಿದ್ದರೆ ನೀರೂ ಹೋಗುತ್ತದೆ. ಸುತ್ತ ಸಿಲಿಕೋನ್ ಹಚ್ಚುವಾಗಲೂ ಒಂದು ಜಾಗ್ರತೆ: ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಲೋಹ ತಿನ್ನುತ್ತದೆ. ಹಾಗಾಗಿ ವಾಸನೆ ಇಲ್ಲದ, ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತಂದಿದ್ದೆ. ಇಂಜಿನ್ ಕಡೆಯಿಂದ ಬರುವ ವೈರನ್ನು ತೂತಿಗಿಂತ ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದು ಒಳಗೆ ಹಾಕಿದೆ. ವೈರಿನ ಮೇಲೆ ಇಳಿದ ನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ತೂತಿನತ್ತ ಹತ್ತುವುದಿಲ್ಲ. ಮಾಡಿನ ಅಂಚಿನ ಹನಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾನೆಟ್ ಒಳಗಿನ ಅಷ್ಟೂ ಉದ್ದಕ್ಕೆ ಸುಕ್ಕುಸುಕ್ಕಿನ ಕಪ್ಪು ಪೈಪು ಹೊದಿಸಿ ಗೇಣಿಗೊಂದು ಟೈ ಬಿಗಿದೆ.

ಒಳಗೆ ವೈರನ್ನು ಬಾಗಿಲ ಅಂಚಿನ ಪಟ್ಟಿಯ ಕೆಳಗೆ ಹಿಂದಕ್ಕೆ ಒಯ್ದೆ. ಮೈಕಿನ ವೈರನ್ನು ಎದುರು ಬದಿಯಲ್ಲಿ ಎಳೆದೆ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಇಂಜಿನ್ ವೇಗದ ಜೊತೆ ಏರಿ ಇಳಿಯುವ "ಕುಂಯ್" ಅನ್ನುವ ಸದ್ದು ಹಾರ್ನಿನಲ್ಲಿ ಬರುತ್ತದೆ.

ಅರ್ತಿನ ಬಗ್ಗೆ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯ ಬಗ್ಗೆ, ಬೊಲೆರೋ ಇರುವವರಿಗೆ ಒಂದು ಮಾತು. ಇದರ ಬಾಡಿ ಛಾಸಿಯ (ಕೆಳಗಿನ ಉಕ್ಕಿನ ಚೌಕಟ್ಟಿನ) ಮೇಲೆ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ. ಬಾಡಿಯಿಂದ ಬ್ಯಾಟರಿಗೆ ಕರೆಂಟ್ ಮರಳುವುದು ಅರ್ತ್ ಪಟ್ಟಿಗಳ ಮೂಲಕ. ನಮ್ಮದರಲ್ಲಿ ಆ ಪಟ್ಟಿಯ ಲಗ್ಗಿಗೆ ಹಸಿರು ಕಿಲುಬು ಹಿಡಿದಿತ್ತು. ವೈರು ಎಷ್ಟು ದಪ್ಪ ಹಾಕಿದರೂ ವಾಪಸ್ ದಾರಿ ಹೀಗಿದ್ದರೆ ಪ್ರಯೋಜನವಿಲ್ಲ. ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ 16 ಸ್ಕ್ವೇರ್ ಎಂಎಂನದೇ ಹೊಸ ತುಂಡು ಹಾಕಿದೆ. ಹಿಂದೆ ಆಂಪ್ಲಿಫೈಯರ್ ಹತ್ತಿರ ನೆಲದ ತಗಡಿನ ಬಣ್ಣವನ್ನು ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿ, ಲಗ್ ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿದೆ. ಸೀಟ್ ಬೆಲ್ಟಿನ ಬೋಲ್ಟಿಗೆ ಅರ್ತ್ ಕೊಡುವುದನ್ನು ಎಷ್ಟೋ ಗಾಡಿಗಳಲ್ಲಿ ಕಂಡಿದ್ದೇನೆ. ಜೀವ ಹಿಡಿಯುವ ಬೋಲ್ಟು ಅದು, ದಯವಿಟ್ಟು ಮುಟ್ಟಬೇಡಿ.

ಫ್ಯೂಸ್ ಹಾಕುವ ಮೊದಲು ಅದರ ಜಾಗದಲ್ಲಿ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ಕ್ಲಿಪ್ಪಿನಿಂದ ಸಿಕ್ಕಿಸಿದೆ. ಹಿಂದೆ ಆಂಪ್ಲಿಫೈಯರ್ ಇನ್ನೂ ಜೋಡಿಸಿಲ್ಲ, ವೈರಿನ ತುದಿಗೆ ಟೇಪು ಸುತ್ತಿದೆ. ಬಲ್ಬು ಉರಿದರೆ ದಾರಿಯಲ್ಲಿ ಎಲ್ಲೋ ವೈರು ಬಾಡಿಗೆ ತಾಗಿದೆ ಎಂದರ್ಥ. ಶಾರ್ಟ್ ಇದ್ದರೂ ಬಲ್ಬಿನಿಂದಾಚೆಗೆ ಎರಡು ಆಂಪಿಯರ್ ಕೂಡ ಹರಿಯುವುದಿಲ್ಲ, ಏನೂ ಸುಡುವುದಿಲ್ಲ. ಅಕ್ಕನ ಮಗನಿಗೆ ಬಲ್ಬು ನೋಡುತ್ತಿರು ಅಂದು ನಾನು ಫೈರ್‌ವಾಲಿನಿಂದ ಹಿಂದಿನವರೆಗೆ ವೈರನ್ನು ಕೈಯಲ್ಲಿ ಅಲ್ಲಾಡಿಸುತ್ತ ಹೋದೆ. "ಇಲ್ಲ ಮಾವ, ಹತ್ಲಿಲ್ಲ" ಅಂದ. ಆಮೇಲೆ ಬಲ್ಬು ತೆಗೆದು ಫ್ಯೂಸ್ ಹಾಕಿ, ಆಂಪ್ಲಿಫೈಯರ್ ಜೋಡಿಸಿದೆವು.

ಅವನಿಗೆ ಮೈಕ್ ಕೊಟ್ಟು ಪೂರ್ತಿ ದನಿಯಲ್ಲಿ ಮಾತಾಡಲು ಹೇಳಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಉದ್ದ ವೈರಿನಿಂದ ಆಂಪ್ಲಿಫೈಯರಿನ ಪ್ಲಸ್ಸಿಗೆ ಹಿಡಿದೆ. ನಡುವೆ ಕಳೆದುಹೋಗುವ ವೋಲ್ಟೇಜು ನೇರವಾಗಿ ಕಾಣುತ್ತದೆ. ಕೂಗಿನ ತುದಿಯಲ್ಲೂ ಮೀಟರ್ 0.2 ದಾಟಲಿಲ್ಲ. "ಕಲಾಭಿಮಾನಿಗಳೇ" ಪೂರ್ತಿ ಕೇಳಿಸಿತು, ಆಚೆಮನೆಯವರು ಯಾವ ಊರಲ್ಲಿ ಆಟ ಅಂತ ಕೇಳಿಕೊಂಡು ಬಂದರು.

ಕೊನೆಗೆ ನೀರು. ಅವನು ಬಾನೆಟ್ ಎತ್ತಿ ಗ್ಲಾಸಿನ ಬುಡದಿಂದ ಫೈರ್‌ವಾಲಿನ ಮೇಲೆ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಟ್ಟ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಅಂಗಾತ ಮಲಗಿದ್ದೆ. ಗ್ರಾಮೆಟ್ಟಿನ ಸುತ್ತ ಒಣ ಬಟ್ಟೆ ಒತ್ತಿ ತೆಗೆದೆ, ಒಣಗಿಯೇ ಇತ್ತು. ಒಂದು ತಿಂಗಳು ಓಡಿಸಿದ ಮೇಲೆ ಫ್ಯೂಸಿನ ಎರಡೂ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿದೆ. ಒಂದು ಅರ್ಧ ಸುತ್ತು ಸಡಿಲಾಗಿತ್ತು, ಬಿಗಿದೆ. ಆ ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ ಮ್ಯಾಟ್ ಎತ್ತಿ ಕೈಯಾಡಿಸಿದಾಗ ಧೂಳು ಬಿಟ್ಟರೆ ಬೇರೇನೂ ಕೈಗೆ ಹತ್ತಲಿಲ್ಲ.