ರಸ್ಕಿನ ಹದಕ್ಕೆ ಬೆಂದ ರವಿವರ್ಮ

ನಗೆ ಬೆರೆತ ಪತ್ತೇದಾರಿ ಕಾದಂಬರಿಗೆ ಪಾತ್ರಗಳನ್ನು ಹುಡುಕುವ ಮೊದಲೇ ಖದೀಮ ಸಿಕ್ಕಿಬೀಳುವ ತಪ್ಪನ್ನು ಗೊತ್ತುಮಾಡಿಕೊಂಡೆ. ಮೂಡಿಗೆರೆ ಕಡೆಯ ತೋಟದ ಬಂಗಲೆಯ ಅಟ್ಟದಲ್ಲಿ ‘ಸಿಕ್ಕ’ ರಾಜಾ ರವಿವರ್ಮನ ಎಣ್ಣೆಚಿತ್ರ, ಅದನ್ನು ಬರೆದ ಎಸ್ಟೇಟ್ ರೈಟರು (ತೋಟದ ಲೆಕ್ಕಪತ್ರದ ಗುಮಾಸ್ತ), ಕೊಳ್ಳಲು ಬಂದ ಬೆಂಗಳೂರು ದಲ್ಲಾಳಿ, ನಡುವೆ ಏನೂ ಅರಿಯದ ಸಾಹುಕಾರರು. ಹೊಯ್ಸಳ ವಿಗ್ರಹ ಬೇಡವೆಂದೆ. ಬೇಲೂರು, ಹಳೇಬೀಡಿನ ಕಲ್ಲು ಬಂದರೆ ಅದು ಗುಡಿಗಳ್ಳತನದ ಕಥೆಯಾಗಿ ನಗು ಬತ್ತುತ್ತದೆ.

ತಪ್ಪು ಮೂರು. ಚೌಕಟ್ಟಿನ ಹಿಂದಿನ ಅಂಗಡಿ ಚೀಟಿಯಲ್ಲಿ ‘ಹಾಸನ 573201’. ಪಿನ್ ಕೋಡ್ ಬಂದದ್ದು 1972ರಲ್ಲಿ. ಇದು ಓದುಗರಿಗೆ, ಮೂರನೇ ಅಧ್ಯಾಯಕ್ಕೇ. ಕಟ್ಟು ಆಮೇಲೆ ಹಾಕಿಸಿದ್ದು ಅನ್ನುವ ನೆಪ ಇರುವುದರಿಂದ ಕಥೆ ನಿಲ್ಲುವುದಿಲ್ಲ. ಎರಡನೆಯದು ಟೈಟಾನಿಯಂ ವೈಟ್. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಬಿಳಿ ಕಲಾವಿದರ ಕೈಗೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಲ್ಯಾಬ್ ವರದಿ ಬೇಕಾದ್ದರಿಂದ ಇದು ಕೊನೆಗೆ. ಮೂರನೆಯದೇ ನನಗೆ ಇಷ್ಟ: 1898ರದ್ದೆಂದು ತೋರಿಸುವ ಪತ್ರದಲ್ಲಿ ‘ಚಿಕ್ಕಮಗಳೂರು ಜಿಲ್ಲೆ’ ಎಂದಿದೆ. ಆಗ ಅದು ಕಡೂರು ಜಿಲ್ಲೆ. ಹಿಡಿಯುವವಳು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನ ಗುಮಾಸ್ತೆ, ಅದೂ ಚಿತ್ರದ ಕಡೆ ಕಣ್ಣೆತ್ತಿಯೂ ನೋಡದೆ.

ಬಣ್ಣ ಒಣಗಿಸುವ ಭಾಗಕ್ಕೆ ಹೆಚ್ಚು ಪುಟ ಕೊಟ್ಟೆ. ಎಣ್ಣೆಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಲು ವಾರಗಳು ಸಾಕು, ಒಳಗೆಲ್ಲ ಗಟ್ಟಿಯಾಗಲು ದಶಕಗಳೇ ಹಿಡಿಯುತ್ತವೆ. ಸ್ಪಿರಿಟ್ ಅದ್ದಿದ ಹತ್ತಿ ಒರೆಸಿದರೆ ಹೊಸ ಬಣ್ಣ ಬಿಟ್ಟುಕೊಡುತ್ತದೆ. ಹದಿನೇಳನೇ ಶತಮಾನದ ಚಿತ್ರಕಾರ ವರ್ಮೀರ್‌ನ ಹೆಸರಲ್ಲಿ ನಕಲಿ ಬರೆದ ಡಚ್ ಚಿತ್ರಕಾರ ವಾನ್ ಮೇಗೆರೆನ್ ಬಣ್ಣಕ್ಕೆ ಬೇಕಲೈಟ್ ಎಂಬ ಹಳೇ ಪ್ಲಾಸ್ಟಿಕ್ಕಿನ ಜಾತಿಯ ರಾಳ ಸೇರಿಸಿ ಓವನ್ನಿನಲ್ಲಿ ಬೇಯಿಸಿದ್ದ. ಹಾಸನದಲ್ಲಿ ಅದಕ್ಕೆ ಬೇಕರಿ ಇದ್ದೇ ಇದೆಯಲ್ಲ! ಬ್ರೆಡ್ ಬೇಯುವ 200 ಡಿಗ್ರಿ ದಾಟಿದ ಕಾವಿಗೆ ಬಣ್ಣ ಗುಳ್ಳೆಯೇಳುತ್ತದೆ. ಬೆಂಕಿ ಎಳೆದು, ಭಟ್ಟಿ 110ರ ಆಸುಪಾಸಿಗೆ ಇಳಿದಾಗ, ಅಂದರೆ ರಸ್ಕ್ ಒಣಗಿಸುವ ಹೊತ್ತಿಗೆ, ಚಿತ್ರ ಒಳಹೋಗಬೇಕು. ಮಾತು ಹೀಗೆ:

“ಇದಕ್ಕೆ ಮೊಟ್ಟೆ ಮುಟ್ಸಿಲ್ಲ ತಾನೆ, ರೈಟ್ರೇ? ನಮ್ಮ ಭಟ್ಟಿಗೆ ಮೊಟ್ಟೆ ಆಗಲ್ಲ.”

“ಛೆ ಛೆ, ದೇವ್ರ ಪಟ ಸ್ವಾಮಿ.”

ಮೇಲೆ ಹೊಳಪಿಗೆ ಬಳಿದದ್ದು ಮೊಟ್ಟೆಯ ಬಿಳಿಯೇ. ಈ ವಿವರ ಎರಡು ಅಧ್ಯಾಯ ಮೊದಲೇ ಬಂದಿರಬೇಕು. ಮಾತಾದ ಮೇಲೆ ಹೇಳಿದರೆ ನಗೆಹನಿಗೆ ಟಿಪ್ಪಣಿ ಬರೆದಂತೆ.

ಪತ್ರಕ್ಕೆ ಹಳೇ ಬಣ್ಣ ಬರಿಸಲು ಡಿಕಾಕ್ಷನ್. ಚಿಕೋರಿ ಬೆರೆತ ಪುಡಿ ಬಳಸಿದರೆ ಮಲೆನಾಡಿನ ಮಳೆಗಾಲದ ತೇವಕ್ಕೆ ಕಾಗದ ಅಂಟಂಟಾಗುತ್ತದೆ, ಮೂಸಿದರೆ ಹೋಟೆಲ್ ನೆನಪಾಗುತ್ತದೆ. ತೋಟದ ರೈಟರೇ ಚಿಕೋರಿ ಪುಡಿ ಕೊಂಡುತಂದ ಅನ್ನುವುದು ಸಾಹುಕಾರರಿಗೆ ಮೋಸಕ್ಕಿಂತ ದೊಡ್ಡ ಅವಮಾನ.

ಕಥೆಯ ಗಂಟು ಕಾನೂನಿನಲ್ಲಿದೆ. ರವಿವರ್ಮನ ಕೃತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಕಲಾನಿಧಿಗಳು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಸಲಿಯೆಂದೇ ನಂಬಿದ ದಲ್ಲಾಳಿ ‘ಇದು ಇತ್ತೀಚಿನ ನಕಲು’ ಎಂದು ಪುರಾತತ್ವ ಇಲಾಖೆಗೆ ಅರ್ಜಿ ಹಾಕಿ ಪ್ರಮಾಣಪತ್ರ ಪಡೆಯುತ್ತಾನೆ. ಇಲಾಖೆಗೆ ಟೋಪಿ ಹಾಕಿದೆನೆಂದು ಬೀಗುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಬರೆದುಕೊಟ್ಟ ಸತ್ಯ ಅದೊಂದೇ.

ಒಂದು ಎಡವಟ್ಟಾಗುವುದರಲ್ಲಿತ್ತು. ಸಂಭಾಷಣೆಯ ತುಂಬ ‘ಫೋರ್‌ಟ್ವೆಂಟಿ’. ಅದು ಹಳೇ ದಂಡಸಂಹಿತೆಯ ವಂಚನೆ ಸೆಕ್ಷನ್ 420. ಆದರೆ 2024ರ ಜುಲೈ 1ರಿಂದ, ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ, ವಂಚನೆಯ ಸೆಕ್ಷನ್ 318. ಕಥೆಯನ್ನು 2023ರ ಮಳೆಗಾಲಕ್ಕೆ ಹಿಂದೆ ಸರಿಸಿದೆ.

28 ಅಧ್ಯಾಯಕ್ಕೂ ಒಂದೇ ಉದ್ದನೆಯ ಹಾಳೆ: ಎಡಕ್ಕೆ ಪಾತ್ರಗಳು, ಮೇಲೆ ಅಧ್ಯಾಯಗಳು, ಮನೆಯೊಳಗೆ ‘ಅಸಲಿ’, ‘ನಕಲಿ’ ಅಥವಾ ‘ಗುಮಾನಿ’. ಅಡ್ಡಸಾಲು ಒಂದೇ ಪದದಿಂದ ತುಂಬಿದ ಪಾತ್ರ ಕಥೆಗೆ ಬೇಡ. ಹಾಗೆ ಇಬ್ಬರು ಹೋದರು. ಒಂದು ಅಧ್ಯಾಯದ ಕೆಳಗೆ ಎಲ್ಲರದೂ ‘ನಕಲಿ’ ಆದರೆ ಅಲ್ಲಿ ನಗುವುದಕ್ಕೆ ಯಾರೂ ಉಳಿದಿರುವುದಿಲ್ಲ. ಅದಕ್ಕೇ ಸಾಹುಕಾರರ ಸಾಲಿನ ಕೊನೆಯ ಮನೆಯಲ್ಲಿ ‘ಅಸಲಿ’ ಎಂದೇ ಬಿಟ್ಟೆ. ಪಟ ಈಗಲೂ ಅವರ ಹಜಾರದಲ್ಲಿದೆ, ಊದಿನಕಡ್ಡಿ ಸಮೇತ.